ಸೂಜಿ ಎತ್ತುವ ಕೆಲಸ

ಬಸ್ ನಿಲ್ದಾಣದ ಬೆಂಚಿನಲ್ಲಿ ತೂಕಡಿಸುತ್ತಿದ್ದ ಗಾರೆ ಮೇಸ್ತ್ರಿಗೆ ಪಕ್ಕದಲ್ಲಿದ್ದ ಅಪ್ಪ-ಮಗಳ ಮಾತು ಕಿವಿಗೆ ಬಿದ್ದು ನಿದ್ದೆ ಹಾರಿತು.

“ನಿಮ್ಮಮ್ಮನೇ ಹೋದ್ಮೇಲೆ ಹೊಲಿಗೆ ಅಂಗಡಿ ಖಾಲಿ ಮಾಡಲೇಬೇಕು, ಸರಿ. ಆದ್ರೆ ನೆನೆಸಿಕೊಂಡ್ರೆ ಕೈಕಾಲೇ ಆಡಲ್ಲ ಕಣಮ್ಮ.”

“ಒಟ್ಟಿಗೆ ನೋಡ್ಬೇಡಿ ಅಪ್ಪ. ಆಫೀಸಲ್ಲಿ ನಾವು ಎಂಥ ಕೆಲಸಾನೂ ಮೊದಲು ತುಂಡು ಮಾಡ್ತೀವಿ, ಒಬ್ಬರ ಕೈಲಿ ಆಗೋವಷ್ಟು ಚಿಕ್ಕದಾಗಿ.”

ಮೇಸ್ತ್ರಿ ಒಳಗೊಳಗೇ ಹೂಂಗುಟ್ಟಿದ. ಮನೆ ಕಟ್ಟುವುದೂ ಹಾಗೇ ತಾನೇ.

“ತುಂಡು ಮಾಡು, ನೋಡೋಣ.”

“ಗಿರಾಕಿಗಳ ಬಟ್ಟೆ ವಾಪಸ್ ಕೊಡೋದು ನನಗಿರಲಿ. ಬೀರು ಸಾಗಿಸೋದು ಮಾವಂದು. ಬೋರ್ಡ್ ಇಳಿಸೋದು ನಿಮ್ಮದು.”

“ಮಿಷನ್ನು?”

“ಚಿಕ್ಕಮ್ಮಂಗೆ ಅಂತ ಆಗಿದೆಯಲ್ಲ.”

“ಅದರಲ್ಲಿ ನನ್ನ ಅಂಗಿ ಇದೆಯಮ್ಮ. ನಿಮ್ಮಮ್ಮ ಆಸ್ಪತ್ರೆಗೆ ಹೊರಟಾಗ ಹೇಗಿತ್ತೋ ಹಾಗೇ, ಅಂಗಿ ತೋಳಲ್ಲಿ ಮಿಷನ್ ಸೂಜಿ ನೆಟ್ಟುಕೊಂಡು. ಬಂದು ಮುಗಿಸ್ತೀನಿ ಅಂದಿದ್ಲು.”

ಮಗಳು ಅಪ್ಪನ ಹತ್ತಿರ ಸರಿದು ಕೂತಳು.

“ಅದೊಂದನ್ನ ಈ ಕೆಲಸದಿಂದ ಹೊರಗಿಡೋಣ್ವಾ ಅಪ್ಪ?”

“ಹೊರಗಿಟ್ರೆ ಅಂಗಡಿ ಖಾಲಿ ಆಗುತ್ತಾ?”

“ಇಲ್ಲ... ಸೂಜಿ ಎತ್ತೋದು. ಅಂಗಿ ಈಚೆಗೆ ಎಳೆಯೋದು. ದಾರ ಕತ್ತರಿಸೋದು. ಅಷ್ಟೇ.”

ಬಸ್ಸು ಬಂತು. ಅಪ್ಪ ಮಗಳ ಭುಜ ಹಿಡಿದು ಎದ್ದರು. ಮೆಟ್ಟಿಲಿಗೆ ಕಾಲಿಡುತ್ತಾ ಅವರು ಅಂದದ್ದು ಮೇಸ್ತ್ರಿಗೆ ಕೇಳಿಸಿತು.

“ಅದನ್ನ ಇನ್ನೂ ಚಿಕ್ಕದಾಗಿ ತುಂಡು ಮಾಡಮ್ಮ.”