ಕಲ್ಲುಬೆಂಚಿನ ಮೇಲೆ ಮಸ್ಕತ್ ಲೈಸೆನ್ಸು

ಇದು ಕಟ್ಟುಕತೆಯಲ್ಲ, ನನ್ನೆರಡು ಕಿವಿಯಾಣೆ. ತೊಂಬತ್ತಾರರ ಬೇಸಿಗೆಯಲ್ಲಿ ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಗೆಳೆಯರು ಕೂತಿದ್ದರು. ಸಾದಿಕ್, ಮಸ್ಕತ್ತಿನಲ್ಲಿ ಕಾರು ಓಡಿಸುವವನು, ರಜೆಗೆ ಬಂದಿದ್ದ. ಕಿಕ್ಕೇರಿಗೆ ಸೀಟು ತುಂಬಿಸಿ ಟೆಂಪೋ ಓಡಿಸುವ ಚಲುವರಾಜು ಅದೇ ಕೆಲಸಕ್ಕೆ ಅಲ್ಲಿಗೆ ಹೊರಟಿದ್ದ.

"ನಮ್ ಲೈಸೆನ್ಸು ಅಲ್ಲಿ ನಡಿಯಾಕಿಲ್ವಾ?"

"ಇಲ್ಲ ಕಣ್ಲಾ. ಪೊಲೀಸ್ನೋರು ಪಕ್ಕದಲ್ಲೇ ಕೂತು ಟೆಸ್ಟ್ ಮಾಡ್ತಾರೆ. ಫೇಲಾದ್ರೆ ಸ್ಟೀರಿಂಗ್ ಕೊಡಲ್ಲ."

"ಈಗ್ಲೇ ಮಾಡ್ಲಾ, ನೋಡೇ ಬುಡಾನ."

ಸಾದಿಕ್ ಗಂಟಲು ದಪ್ಪ ಮಾಡಿ ಪೊಲೀಸನಾದ. ಚಲುವರಾಜು ಗಾಳಿಯಲ್ಲೇ ಸ್ಟೀರಿಂಗ್ ಹಿಡಿದು ಅಲ್ಲಿಯ ರೂಲ್ಸಿನಂತೆ ಬಲಗಡೆಯೇ ಓಡಿಸಿದ, ಹಾರನ್ ಮುಟ್ಟಲಿಲ್ಲ, ಕೆಂಪು ದೀಪಕ್ಕೆ ನಿಂತ. ಮನಸ್ಸಿನಲ್ಲೇ ನಾನು ಪಾಸು ಮಾಡಿದೆ.

"ರೋಡ್ ಪಕ್ಕ ಒಬ್ಬ ಕೈ ಅಡ್ಡ ಹಾಕ್ದ!"

ಚಲುವರಾಜು ಗಕ್ಕನೆ ಬ್ರೇಕು ತುಳಿದು, ನನ್ನನ್ನು ಒತ್ತರಿಸಿ ಜಾಗ ಮಾಡಿ, "ಅತ್ಕಳಿ ಅಣ್ಣ, ಎಲ್ಲಿಗೆ?" ಎಂದ.

"ಫೇಲು! ಪೊಲೀಸ್ನೋರ್ನ ಕೂರುಸ್ಕೊಂಡು ಸೀಟು ತುಂಬುಸ್ತೀಯಾ?"

"ಬಿಸ್ಲಲ್ ನಿಂತೋನ್ನ ಬುಟ್ಟು ಎಂಗ್ಲಾ ಓಗೋದು?"

"ನಾನೂ ಅಂಗೇ ಫೇಲಾದೆ ಯಾರ್. ಪಾಸಾಗೋಗಂಟ ಕಾರು ತೊಳ್ದೆ. ಓನರ್ರು ಕದ್ದು ಓಡ್ಸು ಅಂದ್ರೂ ಓಡುಸ್ಲಿಲ್ಲ."

"ಭೇಷ್ ಕಣ್ಲಾ ನೀನು! ಸರಿ, ಪೊಲೀಸ್ನೋರೇ ಕೈ ಅಡ್ಡ ಹಾಕುದ್ರೆ?"

"ನಿಲ್ಸು. ಎಲ್ಲಿಗೆ ಅಂತ ಮಾತ್ರ ಕೇಳ್ಬೇಡ."

ಕಿಕ್ಕೇರಿ ಬಸ್ಸು ಬಂತು. ಬೆಂಚೆಲ್ಲ ನಗುತ್ತಿತ್ತು, ಚಲುವರಾಜು ಬಸ್ಸು ಹತ್ತಿ ಹೋದ ಮೇಲೂ ಕಿಟಕಿಯಿಂದ ಅವನ ನಗು ಕೇಳಿಸುತ್ತಲೇ ಇತ್ತು.