ಸೇತುವೆಯಾಚೆ ನಿಲ್ಲಿಸಿದ ಕಾರು

ಸಭೆಯ ಅಧ್ಯಕ್ಷರೂ ನಮ್ಮ ಬಡಾವಣೆ ಸಂಘದ ಮುಖ್ಯಸ್ಥರೂ ಆದ ಹಿರೊನಾಕಾ ಅವರೇ, ಪಟ್ಟಣ ಕಚೇರಿಯಿಂದ ಬಂದಿರುವ ಅತಿಥಿಗಳೇ, ಕಾರ್ಖಾನೆ ಬಿಟ್ಟು ಇಪ್ಪತ್ತು ವರ್ಷವಾದರೂ ಕಾರ್ಖಾನೆಯ ಟೊಪ್ಪಿ ಬಿಡದೆ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೇ, ಮಹಿಳಾ ಮಂಡಳಿಯ ಗೆಳತಿಯರೇ, ಸಭಿಕರೇ,

ಮಹಿಳಾ ಮಂಡಳಿಯನ್ನು ನಲವತ್ತು ವರ್ಷ ನಡೆಸಿದ್ದಕ್ಕೆ ಇಂದು ನನಗೆ ಸನ್ಮಾನ ಮಾಡುತ್ತಿದ್ದೀರಿ. ಓಕಿಮೊಟೊ ಸುಮಿಯೆ ಎಂಬ ಮುದುಕಿ ಕೊನೆಗೂ ಕುರ್ಚಿ ಬಿಟ್ಟಳಲ್ಲ ಎಂಬ ಸಮಾಧಾನವೂ ಈ ಚಪ್ಪಾಳೆಯಲ್ಲಿ ಸೇರಿದೆ. ನಗಬಹುದು, ನನಗೆ ಗೊತ್ತಿರುವ ಸಂಗತಿಯೇ.

‘ನಮ್ಮೂರು ಮತ್ತು ಮಜ್ದಾ’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ನಾನು ಓದಿದ್ದು ಪ್ರೌಢಶಾಲೆಯವರೆಗೆ. ಕಾರಿನ ಒಳಗಿನ ವಿದ್ಯೆ ನನಗೆ ತಿಳಿಯದು. ಆದರೆ ಕಾರು ಮಾಡುವ ಮನುಷ್ಯನಿಗೆ ನಲವತ್ತಕ್ಕೂ ಹೆಚ್ಚು ವರ್ಷ ಅನ್ನ ಬಡಿಸಿದವಳು ನಾನು. ಆ ಅಧಿಕಾರದಿಂದ ಮಾತಾಡುತ್ತೇನೆ.

ಅದಕ್ಕೆ ಮೊದಲು ಒಂದು ವಿನಂತಿ. ಮೂರನೆಯ ಸಾಲಿನಲ್ಲಿ, ಬಾಗಿಲ ಕಡೆಯ ಎರಡು ಕುರ್ಚಿಗಳ ಮೇಲೆ ನನ್ನ ಕೈಚೀಲ, ನನ್ನ ಕೊಡೆ ಇವೆ. ಅಲ್ಲಿ ಯಾರೂ ಕೂರಬಾರದು. ನನ್ನ ಮಗಳು ಮಿಚಿರು ಮತ್ತು ಅಳಿಯ ಹಯಾಮಿ ಬರಬೇಕಾಗಿದೆ. ಇಪ್ಪತ್ತೊಂದು ವರ್ಷಗಳಿಂದ ಅವರು ಈ ಊರಿಗೆ ಕಾಲಿಟ್ಟಿಲ್ಲ. ಹೋದ ತಿಂಗಳು ಕಾಗದ ಬರೆದೆ: ‘ಬಾ, ಕುರ್ಚಿ ಹಿಡಿದಿರುತ್ತೇನೆ’ ಎಂದು. ಉತ್ತರ ಬಂದಿಲ್ಲ. ಹಾಗಾಗಿ ನಾನು ಮಾತಿನ ನಡುವೆ ಬಾಗಿಲ ಕಡೆ ನೋಡಿದರೆ ನೀವು ತಪ್ಪು ತಿಳಿಯಬಾರದು.

ಸಭಿಕರೇ, ನಮ್ಮ ಕಾರ್ಖಾನೆ ಶುರುವಾದದ್ದು ಕಾರಿನಿಂದಲ್ಲ, ಬಿರಡೆಯಿಂದ. ನೂರು ವರ್ಷಗಳ ಹಿಂದೆ ಇಲ್ಲಿ ಮರದ ತೊಗಟೆಯಿಂದ ಬಿರಡೆ ಮಾಡುತ್ತಿದ್ದರು. ಆಮೇಲೆ ಮೂರು ಗಾಲಿಯ ಸಾಮಾನು ಗಾಡಿ ಬಂತು. ಅದಕ್ಕೆ ‘ಮಜ್ದಾ’ ಎಂದು ಹೆಸರಿಟ್ಟರು. ಯಾವುದೋ ದೂರದೇಶದ ಪ್ರಾಚೀನ ಜ್ಞಾನದೇವತೆಯ ಹೆಸರಂತೆ ಅದು. ನಮ್ಮಮ್ಮನಿಗೆ ಆ ದೇವರು ಗೊತ್ತಿರಲಿಲ್ಲ, ಗಾಡಿ ಗೊತ್ತಿತ್ತು.

ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ನನಗೆ ಮೂರು ವರ್ಷ. ಅದರ ಬಗ್ಗೆ ನಾನು ಮಾತಾಡುವುದಿಲ್ಲ; ಈ ಸಭಾಂಗಣದಲ್ಲಿ ಅದನ್ನು ಮಾತಾಡದೆಯೇ ತಿಳಿದವರಿದ್ದಾರೆ. ನಡುವೆ ಗುಡ್ಡ ಅಡ್ಡ ಇದ್ದುದರಿಂದ ಕಾರ್ಖಾನೆ ಉಳಿಯಿತು. ಪ್ರಾಂತ್ಯದ ಸರ್ಕಾರಿ ಕಚೇರಿಗೇ ಅಲ್ಲಿ ಜಾಗ ಕೊಟ್ಟರು. ಅದೇ ಡಿಸೆಂಬರಿನಲ್ಲಿ ಕಾರ್ಖಾನೆಯಿಂದ ಮತ್ತೆ ಮೂರು ಗಾಲಿಯ ಗಾಡಿಗಳು ಹೊರಬಂದವು. ನಾಲ್ಕೇ ತಿಂಗಳು! ನಮ್ಮ ಹೊಸ ಮನೆಯ ತೊಲೆಗಳು ಬಂದದ್ದು ಅಂಥದೊಂದು ಗಾಡಿಯ ಮೇಲೆ. ಅಮ್ಮ ನನ್ನನ್ನು ಎತ್ತಿಕೊಂಡು ಬೀದಿಗೆ ಓಡಿದಳಂತೆ. “ಕೇಳು ಸುಮಿಯೆ, ಕೇಳು, ನಮ್ಮ ಗಾಡಿ ಬಂತು!” ಅಂದಳಂತೆ. ಆ ಗಾಡಿ ನಮ್ಮದಲ್ಲ, ಮರದ ವ್ಯಾಪಾರಿಯದು. ಆದರೂ ಅಮ್ಮ ‘ನಮ್ಮ’ ಅಂದಳು. ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಳ್ಳೆಯದಕ್ಕೂ ಕೂತಿತು, ಕೆಟ್ಟದ್ದಕ್ಕೂ ಕೂತಿತು.

ನನ್ನ ಗಂಡ ತಮೊತ್ಸು ಅವರನ್ನು ಮುಂದಿನ ಸಾಲಿನವರೆಲ್ಲ ಬಲ್ಲಿರಿ. ಅವರು ರೋಟರಿ ಎಂಜಿನ್ ವಿಭಾಗದಲ್ಲಿದ್ದರು. ಬೇರೆ ಎಂಜಿನ್ನುಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡಿದರೆ, ಇದರಲ್ಲಿ ಮೂರು ಮೂಲೆಯ ಒಂದು ತುಂಡು ಸುತ್ತುತ್ತದೆ. ಸುತ್ತಿ ಸುತ್ತಿ ಒಳಗೋಡೆಯ ಮೇಲೆ ಗೀರು ಬೀಳುತ್ತಿತ್ತು. ‘ದೆವ್ವದ ಉಗುರು’ ಎಂದು ಅದಕ್ಕೆ ಹೆಸರು. ಆ ಗೀರು ಹೋಗಲಾಡಿಸಲು ಎಷ್ಟು ವರ್ಷ ಹೆಣಗಿದರು! ನಮ್ಮವರು ಊಟಕ್ಕೆ ಕೂತಾಗ ಖಾಲಿ ಬಟ್ಟಲಿನ ಒಳಗೆ ಬೆರಳಾಡಿಸುತ್ತ ಕೂರುತ್ತಿದ್ದರು, ಅಲ್ಲೂ ಗೀರು ಹುಡುಕುವವರ ಹಾಗೆ. “ರೀ, ಅದು ಎಂಜಿನ್ ಅಲ್ಲ, ಇತ್ತ ಕೊಡಿ, ಅನ್ನ ಹಾಕ್ತೀನಿ” ಅಂತ ನಾನು ಕಿತ್ತುಕೊಳ್ಳಬೇಕಾಗಿತ್ತು. ಕೊನೆಗೆ ಗೀರು ಹೋಯಿತು. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಆ ಎಂಜಿನ್ನಿನ ಮೊದಲ ಬಿಳಿ ಕಾರು ರಸ್ತೆಗಿಳಿದಾಗ ಅವರು ಬೀದಿಯ ತುದಿಯಲ್ಲಿ ಟೊಪ್ಪಿ ತೆಗೆದು ನಿಂತರು. ಮಾತು ಅವರಿಗೆ ಬರುತ್ತಲೇ ಇರಲಿಲ್ಲ. ಅವರ ಪಾಲಿನ ಮಾತನ್ನೂ ನಾನೇ ಆಡಿಬಿಟ್ಟೆ ಎಂದು ಈಗ ಅನ್ನಿಸುತ್ತದೆ.

ಆಮೇಲೆ ಪೆಟ್ರೋಲು ದುಬಾರಿಯಾದ ವರ್ಷಗಳು ಬಂದವು. ಪೆಟ್ರೋಲು ಹೆಚ್ಚು ಕುಡಿಯುವ ನಮ್ಮ ಕಾರನ್ನು ಜನ ಕೊಳ್ಳಲಿಲ್ಲ. ಆಗ ಕಾರು ಮಾಡುವ ಕೈಗಳನ್ನೇ ಕಾರು ಮಾರಲು ದೂರದೂರುಗಳಿಗೆ ಕಳಿಸಿದರು. ಈ ಸಾಲಿನಲ್ಲಿ ಎಷ್ಟು ಜನ ಹೋಗಿದ್ದಿರಿ? ಕೈ ಎತ್ತಬೇಡಿ, ನನಗೆ ಗೊತ್ತು. ನಮ್ಮವರು ಹೋದದ್ದು ಹಿಮ ಬೀಳುವ ನೀಗಾತಾಕ್ಕೆ. ಮನೆ ಮನೆಯ ಬಾಗಿಲು ತಟ್ಟಿ, ತಲೆಬಾಗಿ, ‘ಹಿರೋಶಿಮಾದಿಂದ ಬಂದಿದ್ದೇನೆ’ ಎಂದು ಹೇಳಿ, ಅದರ ಮುಂದಿನ ಮಾತು ಹೊರಡದೆ ನಿಂತುಬಿಡುವ ಮನುಷ್ಯ ಎಂಥ ವ್ಯಾಪಾರ ಮಾಡಿಯಾನು?

ವರ್ಷ ಕಳೆದು ಮನೆಗೆ ಬಂದಾಗ ನನಗೊಂದು ಸಂಗತಿ ಹೇಳಿದರು. ಒಂದು ದಿನ ಹಿಮದಲ್ಲಿ ಬಸ್ಸು ಬರದೆ ನಿಂತಿದ್ದರಂತೆ. ಒಂದು ಕಾರು ಬಂದು ನಿಂತಿತಂತೆ. ಬೇರೆ ಕಂಪನಿಯ ಕಾರು, ಒಳಗಿದ್ದವನು ಆ ಕಂಪನಿಯ ಕಾರು ಮಾರುವವನೇ. “ಹಿರೋಶಿಮಾದೋರಲ್ವಾ? ನಿಮ್ಮ ಬೂಟು ನೋಡಿದ್ರೇನೇ ಗೊತ್ತಾಗುತ್ತೆ, ಹಿಮದ ಬೂಟೇ ಅಲ್ಲ ಅದು. ಹತ್ತಿ, ಹತ್ತಿ. ಸ್ಪರ್ಧೆ ಏನಿದ್ರೂ ನಾಳೆ ಮಾಡೋಣ” ಅಂದನಂತೆ. ಇವರು ಹತ್ತಿ ಕೂತರಂತೆ.

“ಬೆಚ್ಚಗಿತ್ತು ಕಣೇ ಒಳಗೆ. ಎಂಜಿನ್ನೂ ಚೆನ್ನಾಗಿ ಓಡ್ತಿತ್ತು” ಅಂದರು.

ನಾನೇನಂದೆ ಗೊತ್ತೇ? “ಬೇರೆಯವರ ಕಾರಲ್ಲಿ ಕೂತಿದ್ದು ಅಂತ ಬೀದೀಲಿ ಯಾರ ಹತ್ರಾನೂ ಬಾಯಿ ಬಿಡಬೇಡಿ” ಅಂದೆ.

ಅವರು ಬಾಯಿ ಬಿಡಲಿಲ್ಲ. ಇವತ್ತು ನಾನು ಬಿಡುತ್ತಿದ್ದೇನೆ.

ಅವರು ನೀಗಾತಾದಲ್ಲಿದ್ದಾಗಲೇ ಈ ಸಭಾಂಗಣದ ಮುಂದಿನ ಅಂಗಳದ ಬಾಗಿಲಲ್ಲಿ ಒಂದು ಹಲಗೆ ತೂಗುಬಿದ್ದದ್ದು. ನಮ್ಮೂರಿನವರೆಲ್ಲ ನಮ್ಮೂರಿನ ಕಾರನ್ನೇ ಕೊಳ್ಳಬೇಕೆಂದು ಆ ಕಾಲದಲ್ಲಿ ಎಲ್ಲರೂ ಕಟ್ಟಿಕೊಂಡ ಹಟ ಅದು. ತಪ್ಪೇನಿತ್ತು? ಮನೆಗಳಿಗೆ ಕಾರು ನಿಲ್ಲಿಸುವ ಜಾಗವಿಲ್ಲದ ಈ ಬೀದಿಗೆ ಇದೊಂದೇ ಅಂಗಳ. ‘ಊರಿನ ಕಾರಿಗೆ ಮಾತ್ರ ಜಾಗ’ ಎಂದು ಕುಂಚ ಹಿಡಿದು ಬರೆದವಳು ನಾನು. ಅಕ್ಷರ ಚೆನ್ನಾಗಿ ಬಂದಿತ್ತು. ಹೊರಗಿನ ಕಾರಿನಲ್ಲಿ ಬಂದ ನೆಂಟರು ಎಂಕೊ ಹೊಳೆಯ ಸೇತುವೆಯಾಚೆ ಕಾರು ಬಿಟ್ಟು ನಡೆದು ಬರುತ್ತಿದ್ದರು. ಮದುವೆಗೂ ಹಾಗೇ, ಸಾವಿಗೂ ಹಾಗೇ. ಕಷ್ಟದ ವರ್ಷಗಳು ಮುಗಿದವು, ಕಾರ್ಖಾನೆ ಮತ್ತೆ ಎದ್ದು ನಿಂತಿತು, ಎರಡೇ ಜನ ಕೂರುವ ಆ ಪುಟ್ಟ ತೆರೆದ ಕಾರನ್ನು ಜಗತ್ತೆಲ್ಲ ಹುಡುಕಿಕೊಂಡು ಬಂದು ಕೊಂಡಿತು. ಹಲಗೆ ಮಾತ್ರ ಇಳಿಯಲಿಲ್ಲ. ಕಾರು ಮಾಡಿದವರು ಯಾರೂ ಅದನ್ನು ಕೇಳಿರಲಿಲ್ಲ. ಕಾರು ಮಾಡಿದವರು ಅವರು, ಹಟ ಮಾಡಿದವಳು ನಾನು.

ಮಿಚಿರು ಮದುವೆಯಾದದ್ದು ದೂರದ ಐಚಿ ಪ್ರಾಂತ್ಯದ ಹುಡುಗನನ್ನು. ಅಲ್ಲಿಯ ಬೇರೊಂದು ಕಾರ್ಖಾನೆಯಲ್ಲಿ ಕಾರು ಮಾಡುವವನನ್ನು. ಯಾವ ಕಂಪನಿ ಎಂದು ನಾನು ಹೇಳುವುದಿಲ್ಲ. ಇಷ್ಟು ವರ್ಷ ಈ ಬಾಯಲ್ಲಿ ಆ ಹೆಸರು ಬಂದಿಲ್ಲ, ಒಂದೇ ದಿನದಲ್ಲಿ ಎಲ್ಲ ತಿದ್ದಿಕೊಳ್ಳಲು ನನ್ನಿಂದಾಗದು. ಹುಡುಗ ಮೊದಲ ಸಲ ಬಂದಾಗ ತಾನಾಗಿಯೇ ರೈಲಿನಲ್ಲಿ ಬಂದ. ನಮ್ಮವರು ಅವನನ್ನು ಕೂರಿಸಿಕೊಂಡು ಸಂಜೆಯವರೆಗೆ ಎಂಜಿನ್ ಮಾತಾಡಿದರು. ಜೀವನದಲ್ಲಿ ಅವರು ಅಷ್ಟು ಮಾತಾಡಿದ್ದು ಅದೊಂದೇ ದಿನ. ನಾನು ಸಿಂಪಿ ಹಾಕಿದ ಸಾರು ಬಡಿಸುತ್ತ, “ಇಬ್ಬರೂ ಸೇರಿ ನಮ್ಮ ಗುಟ್ಟೆಲ್ಲ ಐಚಿಗೆ ಸಾಗಿಸ್ತಿದೀರಾ?” ಅಂದೆ. ಅಳಿಯ ನಕ್ಕ. ನಾನು ನಗಲಿಲ್ಲ.

ಎರಡು ಸಾವಿರದ ಮೂರರ ಫೆಬ್ರವರಿ. ನಮ್ಮವರು ಕೊನೆಯ ಹಾಸಿಗೆಯಲ್ಲಿದ್ದರು. ಆಸ್ಪತ್ರೆ ಬೇಡ, ಮನೆಯಲ್ಲೇ ಇರುತ್ತೇನೆ ಎಂದು ಹಟ ಹಿಡಿದು ಬಂದಿದ್ದರು. ನಮ್ಮ ಮನೆ ನಿಮಗೆ ಗೊತ್ತು, ಈ ಅಂಗಳದ ಪಕ್ಕದ್ದೇ. ಕಿಟಕಿಯ ಬಳಿ ಮಲಗಿ, ಅಂಗಳಕ್ಕೆ ಬರುವ ಕಾರಿನ ಸದ್ದು ಕೇಳಿಯೇ ಇದು ಇಂಥವರದು, ಇದಕ್ಕೆ ಎಣ್ಣೆ ಬದಲಿಸಬೇಕು ಎನ್ನುತ್ತಿದ್ದರು. ಬೆಳಗ್ಗೆ ವೈದ್ಯರು ಬಂದು, ‘ಕರೆಸುವವರನ್ನು ಕರೆಸಿ’ ಎಂದರು. ಮಗಳು ಅಳಿಯ ಐಚಿಯಿಂದ ಹೊರಟರು. ಅಂದು ರೈಲುಗಳು ನಿಂತಿದ್ದವಂತೆ; ಕಾಯುವ ವ್ಯವಧಾನವಿಲ್ಲದೆ, ನಾಲ್ಕು ವರ್ಷದ ಮಗುವನ್ನು ಹಿಂದೆ ಹಾಕಿಕೊಂಡು, ಕಾರಿನಲ್ಲಿ ಹೊರಟರು. ಆರು ತಾಸು ಎಲ್ಲೂ ನಿಲ್ಲಿಸದೆ ಬಂದರು. ಅಂಗಳದೊಳಗೆ ಮುಂದಿನ ಗಾಲಿ ಇಟ್ಟರು. ನಾನು ಹೊರಗೆ ಬಂದು ಹಲಗೆಯ ಪಕ್ಕ ನಿಂತೆ.

ಬೀದಿಯವರೆಲ್ಲ ನೋಡುತ್ತಿದ್ದರು. ಮಂಡಳಿಯ ಅಧ್ಯಕ್ಷೆಯ ಮನೆಗೇ ಬೇರೆ ನಿಯಮವೇ ಎಂದು ಯಾರೂ ಕೇಳಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. “ಕಾರು ಸೇತುವೆಯಾಚೆ ಬಿಟ್ಟು ಬನ್ನಿ” ಅಂದೆ.

ಮಿಚಿರು ಕಿಟಕಿ ಇಳಿಸಿದಳು. “ಅಮ್ಮ, ಇವತ್ತೂನಾ?”

“ಇವತ್ತು ನಿಯಮಕ್ಕೆ ರಜಾನಾ? ನೀನಾದ್ರೂ ಇಳಿ.”

“ಅವರ ಕಾರು ಬರಬಾರದ ಮನೆಗೆ ನಾನೊಬ್ಬಳು ಇಳಿಯಲ್ಲ. ಇಬ್ಬರೂ ನಡ್ಕೊಂಡೇ ಬರ್ತೀವಿ” ಅಂದಳು. ನನ್ನ ಮಗಳಲ್ಲವೇ? ಆ ಗಂಟಲು ನನ್ನದೇ. ಅಳಿಯ ತಲೆಬಾಗಿ ಕಾರನ್ನು ಹಿಂದಕ್ಕೆ ತೆಗೆದುಕೊಂಡ.

ನಾನು ಒಳಗೆ ಹೋದೆ. ನಮ್ಮವರು ಕಣ್ಣು ತೆರೆದಿದ್ದರು. ಈಗ ನಾನು ಹೇಳುವುದನ್ನು ಈ ತನಕ ಯಾರಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ.

“ಬಂತಲ್ಲ ಒಂದು ಕಾರು. ನಮ್ಮದಲ್ಲ ಅದು. ಚೆನ್ನಾಗಿ ಓಡ್ತಿದೆ. ಅಳಿಯಂದಲ್ವಾ?” ಅಂದರು.

“ಹೂಂ” ಅಂದೆ.

“ಮತ್ತೆ ಯಾಕೆ ದೂರ ಹೋಗ್ತಿದೆ ಸದ್ದು? ಒಳಗೆ ಕರಿಯೇ” ಅಂದರು.

ನಾನು ಓಡಿಹೋಗಿ ಕರೆಯಬಹುದಿತ್ತು. ಕಾರು ಇನ್ನೂ ಬೀದಿಯ ತಿರುವಿನಲ್ಲಿತ್ತು. ನನಗೆ ಆಗ ಮೊಣಕಾಲು ನೋವೂ ಇರಲಿಲ್ಲ. “ಬರ್ತಾರೆ, ಇಲ್ಲೇ ಬರ್ತಾರೆ” ಎಂದು ಅವರ ಹೊದಿಕೆ ಸರಿಮಾಡಿದೆ. ಅಂದು ಮಳೆ. ಮಗುವನ್ನು ಹೊತ್ತುಕೊಂಡು ಅವರು ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷವಾಗಿತ್ತು. ನಮ್ಮವರು ಹೋಗಿ ಐದು ನಿಮಿಷವಾಗಿತ್ತು.

ಒದ್ದೆ ಕಾಲುಚೀಲದಲ್ಲಿ ಬಾಗಿಲಲ್ಲಿ ನಿಂತ ಮಗಳಿಗೆ ನಾನು ಹೇಳಿದ ಮೊದಲ ಮಾತೇನು? “ತಡವಾಯ್ತು ನಿಮ್ಮದು” ಎಂದು.

“ತಡ ಮಾಡಿಸಿದ್ದು ಯಾರಮ್ಮ?” ಅಂದಳು. ಅದೇ ಕೊನೆ. ಅಪ್ಪನ ಹದಿಮೂರನೆಯ ವರ್ಷದ ಪೂಜೆಗೂ ಬರಲಿಲ್ಲ. ಹೊಸವರ್ಷಕ್ಕೊಂದು ಕಾರ್ಡು ಬರುತ್ತದೆ, ಅಳಿಯನ ಕೈಬರಹದಲ್ಲಿ.

ಇದನ್ನೆಲ್ಲ ಸನ್ಮಾನದ ಸಭೆಯಲ್ಲಿ ಯಾಕೆ ಹೇಳುತ್ತಿದ್ದಾಳೆ ಎಂದು ಹಿರೊನಾಕಾ ಅವರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಹಲಗೆ ತೆಗೆಯೋಣವೇ ಎಂದು ಅವರು ಮೂರು ಸಭೆಗಳಲ್ಲಿ ಕೇಳಿದರು, ಮೂರು ಸಲವೂ ಆಗದು ಎಂದವಳು ನಾನು. ಈ ವಸಂತದಲ್ಲಿ ನನ್ನ ಮೊಣಕಾಲಿಗೆ ಔಷಧಿ ಹಚ್ಚಲು ಬರುವ ದಾದಿ ಹುಡುಗಿ ಒಂದು ದಿನ ಮಳೆಯಲ್ಲಿ ನೆನೆದು ಬಂದಳು. “ತಡವಾಯ್ತು ನಿಂದು” ಅಂದೆ. “ಕಾರು ಸೇತುವೆಯಾಚೆ ಬಿಟ್ಟು ಬಂದೆ ಅಜ್ಜಿ. ನಂದು ಈ ಊರಿನ ಕಾರಲ್ಲ. ಅಂಗಳದಲ್ಲಿ ನಿಲ್ಲಿಸಿದ್ರೆ ಆ ಹಲಗೆ ಅಜ್ಜಿ ಸುಮ್ನೆ ಬಿಡಲ್ಲ ಅಂದ್ರು ಎಲ್ಲ. ಯಾರು ಅಜ್ಜಿ ಅದು?” ಎಂದು ಕೇಳಿದಳು, ಪಾಪ, ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು.

ನನ್ನ ಬಾಯಿಂದ ಅದೇ ಮಾತು ಎರಡನೆಯ ಸಲ ಬಂದಿತ್ತು, ಸಭಿಕರೇ. ಅಂದು ನನಗೆ ಊಟ ಸೇರಲಿಲ್ಲ.

ಈ ಬಟ್ಟೆಯ ಗಂಟಿನಲ್ಲಿರುವುದು ಆ ಹಲಗೆ. ಇವತ್ತು ಬೆಳಗ್ಗೆ ನಾನೇ ಮೊಳೆ ಕಿತ್ತು ಇಳಿಸಿದೆ. ಆಮೇಲೆ ನನ್ನ ಕಾರನ್ನು ತೆಗೆದುಕೊಂಡು ಹೋಗಿ ಸೇತುವೆಯಾಚೆ ನಿಲ್ಲಿಸಿದೆ. ನನ್ನದು ಮಜ್ದಾನೇ, ಸಾಯುವವರೆಗೂ ಅದೇ, ಆ ವಿಷಯದಲ್ಲಿ ಯಾರೂ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿಂದ ಕೊಡೆ ಊರಿಕೊಂಡು ನಡೆದು ಬಂದೆ. ಎರಡು ಕಡೆ ಕೂತೆ. ಐವತ್ತು ನಿಮಿಷ ಹಿಡಿಯಿತು. ಎಷ್ಟು ದೂರ ಎಂದು ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ನಡೆದು ನೋಡಿರಲಿಲ್ಲ. ದೂರ ಇದೆ.

ಅಂಗಳದಲ್ಲಿ ಬಾಗಿಲಿಗೆ ಹತ್ತಿರದ ಜಾಗವನ್ನು ಖಾಲಿ ಬಿಡಿಸಿದ್ದೇನೆ. ಮಿಚಿರು ಬಂದರೆ ಹೇಳಬೇಕೆಂದಿದ್ದೆ, ನಿನ್ನಪ್ಪ ಆ ಕಾರಿನ ಸದ್ದು ಕೇಳಿದ್ದರು, ಒಳಗೆ ಕರೆ ಎಂದಿದ್ದರು, ಕರೆಯದೆ ಇದ್ದವಳು...

ಬಾಗಿಲ ಬಳಿ ನಿಂತಿರುವವರು ದಯವಿಟ್ಟು ಸ್ವಲ್ಪ ಸರಿಯಿರಿ. ಹಿಂದೆ ಇರುವವರು ಕಾಣಲಿ.

ಯಾವಾಗ ಬಂದಿರಿ? ಎಷ್ಟು ಕೇಳಿದಿರಿ?

ಸರಿ. ಕೇಳಿದಿರಲ್ಲ, ಸರಿ. ಬಟ್ಟೆ ತೊಯ್ದಿದೆ. ಕಾರು ಎಲ್ಲಿ ನಿಲ್ಲಿಸಿದಿರಿ? ಸೇತುವೆಯಾಚೆಯೇ ಅಲ್ಲವೇ? ಗೊತ್ತಿತ್ತು ನನಗೆ.

ಅಳಿಯಂದಿರೇ, ನಾನು ಎಲ್ಲರ ಎದುರಿಗೆ ಹೇಳುತ್ತೇನೆ, ಒಬ್ಬರೇ ಇದ್ದಾಗ ಹೇಳುವ ಧೈರ್ಯ ನನಗಿಲ್ಲ. ಹೋಗಿ ಕಾರು ತನ್ನಿ. ಅಂಗಳದೊಳಗೆ ತನ್ನಿ. ಅವಸರ ಬೇಡ, ಈ ಸಲ ಯಾರೂ ಸಾಯುತ್ತಿಲ್ಲ. ಮಿಚಿರು, ನೀನೂ ಅವರ ಜೊತೆ ಹೋಗಿ ಬಾ, ಅಂದಿನ ಹಾಗೆ. ನಾನು ಹೊರಗೆ, ಹಲಗೆ ಇದ್ದ ಜಾಗದಲ್ಲಿ ನಿಂತಿರುತ್ತೇನೆ.

ಹಿರೊನಾಕಾ ಅವರೇ, ಹೂಗುಚ್ಛ ಆಮೇಲೆ ಕೊಡಿ. ಸಭಿಕರೇ, ಅಷ್ಟರಲ್ಲಿ ನೀವು ಚಹಾ ಕುಡಿಯಿರಿ. ಇಷ್ಟು ಹೊತ್ತು ತಾಳಿಕೊಂಡದ್ದಕ್ಕೆ ವಂದನೆಗಳು. ನನ್ನ ಕೊಡೆ ಆ ಕುರ್ಚಿಯ ಮೇಲಿದೆ, ಯಾರಾದರೂ ಇತ್ತ ದಾಟಿಸಿ. ನಮಸ್ಕಾರ.