ಬಲಗೆನ್ನೆಯ ಬಿಳಿ ಮಚ್ಚೆ

ಮಗಳ ಮೊದಲ ಹಾಲುಹಲ್ಲು ಬಿದ್ದ ದಿನ, ಇನ್ನು ತಂಬಾಕು ಬಿಡುತ್ತೇನೆಂದು ಅಪ್ಪ ಅವಳಿಗೆ ಮಾತು ಕೊಟ್ಟಿದ್ದ. ಈಗ ಅವಳು ಬೆಳೆದು ದೊಡ್ಡವಳಾಗಿದ್ದಳು; ಇಬ್ಬರೂ ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಕುಣಿಸುತ್ತ ಕೂತಿದ್ದರು. ಹಲ್ಲುನೋವಿನ ಮಗುವನ್ನು ತಟ್ಟುತ್ತ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿನ ಕಿವಿಗೆ ಅವರ ಮಾತು ಬೀಳುತ್ತಲೇ ಇತ್ತು.

"ಬಟ್ಟೆಯಲ್ಲಿ ಒರೆಸಿದ್ರೂ ನಿನ್ನ ಕೆನ್ನೆ ಒಳಗಿನ ಬಿಳಿ ಮಚ್ಚೆ ಹೋಗ್ಲಿಲ್ವಂತೆ," ಎಂದಳು ಮಗಳು. " ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸ್ತಾರಂತೆ."

"ಹಲ್ಲು ಚುಚ್ಚಿರಬೇಕು ಕಣೆ."

"ಬಲಗಡೆ ನಿಂಗೆ ಹಲ್ಲೆಲ್ಲಿದೆ ಅಪ್ಪ?"

ಅಪ್ಪ ಬಾಗಿಲ ಕಡೆ ನೋಡಿದ.

"ಎಡಗೆನ್ನೆ ಮಚ್ಚೆ ವಾಸಿಯಾದಾಗ, ನಮ್ಮಪ್ಪ ತಂಬಾಕು ಬಿಟ್ರು ಅಂತ ಊರೆಲ್ಲ ಹೇಳ್ಕೊಂಡು ಬಂದೆ ನಾನು."

"ಆ ಕೆನ್ನೆಗೆ ಸ್ವಲ್ಪ ಬಿಡುವು ಕೊಡಿ ಅಂತ ಡಾಕ್ಟ್ರೇ ಅಂದಿದ್ರಲ್ಲ."

"ತಂಬಾಕನ್ನ ಈ ಕೆನ್ನೆಗೆ ತುಂಬ್ಕೊಳ್ಳಿ ಅಂದ್ರಾ?"

"ಕ್ಯಾನ್ಸರ್ ಅಂತಾರೇನೇ?"

"ಗೊತ್ತಿಲ್ಲಪ್ಪ. ಕರೀತಿದಾರೆ, ಏಳು."

ಅಪ್ಪ ಜೇಬಿನಿಂದ ತಂಬಾಕಿನ ಪೊಟ್ಟಣ ತೆಗೆದು ಮಗಳ ಕೈಗಿಟ್ಟು ಒಳಗೆ ಹೋದ. ಕೊಟ್ಟ ಮಾತನ್ನು ಅವನು ಒಂದು ದಿನವೂ ಉಳಿಸಿಕೊಂಡಿರಲಿಲ್ಲ.